ಸರಿಯಾದ ವೇಳೆ

ಕನ್ನಡದಲ್ಲಿ 'ಸರಿ' ಎಂಬ ಮಾತಿಗೆ ಎರಡು ಅರ್ಥಗಳುಂಟು. ತಪ್ಪಿಲ್ಲದುದು ಸರಿ, ಒಂದಕ್ಕೊಂದು ಸಮನಾದುದೂ ಸರಿ. ಲೆಕ್ಕವು ಸರಿಯಾಯಿತೆನ್ನುವಾಗ ಮೊದಲನೆಯ ಅರ್ಥವು ಮುಂದಾಗಿರುವದು. ತಕ್ಕಡಿಯ ಎರಡು ತಟ್ಟೆಗಳು ಸರಿಯಾದುವೆನ್ನುವಾಗ ಎರಡನೆಯದು. ನಿತ್ಯದ ವ್ಯವಹಾರದಲ್ಲಿ ಈ ಭೇದವನ್ನು ಯಾರೂ ಎಣಿಸುವದಿಲ್ಲ. ಎಣಿಸಬೇಕಾದ ಪ್ರಸಂಗವೂ ವಿರಳ. ಆದರೆ ಗೋಡೆಯ ಮೇಲಿನ ಗಡಿಯಾರವನ್ನು ತೋರಿಸಿ 'ಇದು ಸರಿಯಾಗಿದೆ' ಎಂದು ಒಬ್ಬನು ಹೇಳಿದಾಗ ಅವನು ಯಾವ ಅರ್ಥದಲ್ಲಿ ಹೇಳಿದನು? ಆ ಗಡಿಯಾರವು ಸತ್ಯವನ್ನು ಹೇಳುತ್ತಿದೆಯೆಂದೋ, ಅಥವಾ ಉಳಿದವರ ಗಡಿಯಾರಗಳಿಗೆ ಸಮನಾಗಿದೆಯೆಂದೋ? ಈ ಪ್ರಶ್ನೆಯು ಮೇಲುನೋಟಕ್ಕೆ ಪಂಡಿತರ ಕುತರ್ಕದಂತೆ ಕಂಡರೂ, ವಿಚಾರಿಸುತ್ತ ಹೋದಂತೆ ನ್ಯಾಯಾನ್ಯಾಯದ ಪ್ರಶ್ನೆಯಾಗಿ ನಿಲ್ಲುವದು.

ಒಂದು ದೃಷ್ಟಾಂತವನ್ನು ತೆಗೆದುಕೊಳ್ಳಬಹುದು. ನರಗುಂದದ ಸೀಮೆಯಲ್ಲಿ ಮಲಪ್ರಭೆಯ ಕಾಲುವೆಯ ನೀರನ್ನು ಸರದಿಯಿಂದ ಹಾಯಿಸಿಕೊಳ್ಳಬೇಕೆಂದು ಒಪ್ಪಿಕೊಂಡ ಇಬ್ಬರು ಒಕ್ಕಲಿಗರಿದ್ದಾರೆಂದು ಭಾವಿಸೋಣ. ಸಂಜೆಯ ಆರರ ವರೆಗೆ ಒಬ್ಬನದು, ಮುಂದೆ ಇನ್ನೊಬ್ಬನದು. ಮೊದಲಿನವನ ಕೈಗಡಿಯಾರದಲ್ಲಿ ಆರಕ್ಕೆ ಇನ್ನೂ ಹತ್ತು ಮಿನಿಟುಗಳಿವೆ. ಎರಡನೆಯವನದರಲ್ಲಿ ಆರು ದಾಟಿಹೋಗಿದೆ. ಇಬ್ಬರೂ ಪ್ರಾಮಾಣಿಕರೇ; ಆದರೂ ಒಬ್ಬನ ಕಣ್ಣಿಗೆ ಇನ್ನೊಬ್ಬನು ಕಳ್ಳನಾಗಿ ತೋರುವನು. ಅವರಿಬ್ಬರ ಗಡಿಯಾರಗಳೂ ಒಂದೊಂದು ತಾಸು ಹಿಂದಿದ್ದರೆ ಜಗಳವೇ ಇರುತ್ತಿರಲಿಲ್ಲ. ಅಂದಮೇಲೆ ಅವರಿಗೆ ಬೇಕಾದುದು ಆಕಾಶದ ನಿಜವಾದ ವೇಳೆಯಲ್ಲ, ಇಬ್ಬರಿಗೂ ಒಂದೇ ಆದ ವೇಳೆ. ಆದರೆ ಇಬ್ಬರಲ್ಲಿ ಒಬ್ಬನಿಗೆ ಮಾತ್ರ ಗಡಿಯಾರವಿದ್ದು, ಇನ್ನೊಬ್ಬನು ಅವನ ಮಾತನ್ನೇ ನಂಬಬೇಕಾಗಿದ್ದರೆ? ಆಗಲೂ ಜಗಳವಿರಲಿಕ್ಕಿಲ್ಲ, ಆದರೆ ನ್ಯಾಯವೂ ಇರಲಿಕ್ಕಿಲ್ಲ. ಗಡಿಯಾರಗಳು ಕೂಡುವದು ಬೇರೆ, ಮನುಷ್ಯರು ಒಡಂಬಡುವದು ಬೇರೆ ಎಂಬದನ್ನು ಇಷ್ಟರಿಂದಲೇ ತಿಳಿಯಬಹುದು.

ಒಡಂಬಡಿಕೆಯು ಬೇಕಾದುದಾದರೂ ಏಕೆ, ಸೂರ್ಯನು ಎಲ್ಲರಿಗೂ ಒಬ್ಬನೇ ಇರುವನಲ್ಲವೇ ಎಂದು ಕೆಲವರು ಕೇಳಬಹುದು. ಸೂರ್ಯನು ಒಬ್ಬನೇ ನಿಜ. ಆದರೆ ಮಧ್ಯಾಹ್ನಗಳು ಊರಿಗೊಂದು. ಗಜೇಂದ್ರಗಡವು ಗ್ರೀನಿಚ್ಚಿನಿಂದ ಪೂರ್ವಕ್ಕೆ ಸುಮಾರು ೭೫.೯೭ ಅಂಶಗಳ ಮೇಲೆಯೂ, ರೋಣವು ೭೫.೭೩ರ ಮೇಲೆಯೂ, ನರಗುಂದವು ೭೫.೩೮ರ ಮೇಲೆಯೂ ಇವೆ. ಭೂಮಿಯು ಒಂದು ಅಂಶದಷ್ಟು ತಿರುಗಲು ನಾಲ್ಕು ಮಿನಿಟು ಬೇಕು. ಆದುದರಿಂದ ಗಜೇಂದ್ರಗಡದ ನೆತ್ತಿಯ ಮೇಲೆ ಬಂದ ಸೂರ್ಯನು ರೋಣಕ್ಕೆ ಬರಲು ಒಂದು ಮಿನಿಟು ತಡವಾಗುವದು. ನರಗುಂದದ ಗುಡ್ಡದ ಮೇಲೆ ಬರಲು ಎರಡು ಮಿನಿಟಿಗೂ ತುಸು ಹೆಚ್ಚು. ಮೂರೂ ಊರುಗಳ ನೆರಳುಗಡಿಯಾರಗಳು ಬೇರೆ ಬೇರೆ ಹೊತ್ತನ್ನು ತೋರಿಸುವವು, ಮೂರೂ ಸತ್ಯವನ್ನೇ ಹೇಳುವವು. ಭೇದವು ತಪ್ಪಿನಿಂದ ಹುಟ್ಟಿದುದಲ್ಲ, ನಿಂತ ನೆಲೆಯಿಂದ ಹುಟ್ಟಿದುದು.

ನಮ್ಮ ಪ್ರಾಚೀನ ಜ್ಯೋತಿಷಿಗಳಿಗೆ ಈ ಮಾತು ಚೆನ್ನಾಗಿ ತಿಳಿದಿತ್ತು. ಅವರು ಉಜ್ಜಯಿನಿಯ ಮೇಲಿಂದ ಉತ್ತರದಕ್ಷಿಣವಾಗಿ ಹಾಯುವ ರೇಖೆಯನ್ನು ಮೂಲವಾಗಿಟ್ಟುಕೊಂಡು, ಅದರಿಂದ ಪೂರ್ವಪಶ್ಚಿಮಕ್ಕಿರುವ ಊರುಗಳಿಗೆ ದೇಶಾಂತರಸಂಸ್ಕಾರವನ್ನು ಹೇಳಿದರು. ಉಜ್ಜಯಿನಿಯು ಸುಮಾರು ೭೫.೭೮ ಅಂಶಗಳ ಮೇಲಿರುವದರಿಂದ ಆ ಪುರಾತನ ಮೂಲರೇಖೆಯು ನರಗುಂದವನ್ನು ಪಶ್ಚಿಮಕ್ಕೂ ಗಜೇಂದ್ರಗಡವನ್ನು ಪೂರ್ವಕ್ಕೂ ಬಿಟ್ಟು, ರೋಣದ ಮಗ್ಗುಲಲ್ಲಿಯೇ ಹಾಯ್ದುಹೋಗುವದೆಂಬದು ಈ ಸೀಮೆಯವರಿಗೆ ಸ್ವಾರಸ್ಯವಾಗಿ ತೋರಬಹುದು. ರೋಣದ ಮಧ್ಯಾಹ್ನಕ್ಕೂ ಉಜ್ಜಯಿನಿಯ ಮಧ್ಯಾಹ್ನಕ್ಕೂ ಹತ್ತು ಹನ್ನೆರಡು ಸೆಕೆಂಡುಗಳ ಅಂತರವಷ್ಟೆ. ಆದರೆ ಮೂಲರೇಖೆಯ ಮೇಲಿದ್ದ ಮಾತ್ರಕ್ಕೆ ರೋಣದ ವೇಳೆಯು ಹೆಚ್ಚು ಸತ್ಯವೂ ನರಗುಂದದ್ದು ಕಡಿಮೆ ಸತ್ಯವೂ ಆಗಲಿಲ್ಲ. ಮೂಲರೇಖೆಯೆಂಬದು ಲೆಕ್ಕದ ಅನುಕೂಲಕ್ಕೆ ಮಾಡಿಕೊಂಡ ಕಟ್ಟಳೆ. ಗಳಿಗೆಬಟ್ಟಲು ನೀರಿನಲ್ಲಿ ಮುಳುಗುವದನ್ನು ನೋಡಿ ಮದುವೆಯ ಮುಹೂರ್ತವನ್ನು ಸಾಧಿಸುತ್ತಿದ್ದ ಕಾಲದಲ್ಲಿ ಪ್ರತಿಯೊಂದು ಊರೂ ತನ್ನ ವೇಳೆಗೆ ತಾನೇ ಒಡೆಯನಾಗಿತ್ತು. ಎತ್ತಿನ ಬಂಡಿಯಲ್ಲಿ ನರಗುಂದಕ್ಕೆ ಹೋದವನಿಗೆ ಎರಡು ಮಿನಿಟುಗಳ ಅಂತರವು ಕಾಣುವಂತಿರಲಿಲ್ಲ. ಕಂಡರೂ ಅದರಿಂದ ಕೆಡುವದೇನೂ ಇರಲಿಲ್ಲ.

ಉಗಿಬಂಡಿಯು ಬಂದಮೇಲೆ ಈ ಸ್ವಾತಂತ್ರ್ಯವು ನಡೆಯಲಿಲ್ಲ. ೧೮೮೦ರ ದಶಕದಲ್ಲಿ ಗದಗಿನಿಂದ ಹೊಳೆಆಲೂರು, ಬಾಗಲಕೋಟೆ, ವಿಜಾಪುರಗಳ ಮೇಲೆ ಹೊಟಗಿಯ ವರೆಗೆ ಹಳಿಗಳು ಬಿದ್ದವು. ಒಂದೇ ಹಳಿಯ ಮೇಲೆ ಎದುರುಬದುರಾಗಿ ಬರುವ ಎರಡು ಗಾಡಿಗಳು ಬೇರೆ ಬೇರೆ ವೇಳೆಯನ್ನು ನಂಬಿ ಹೊರಟರೆ ಆಗುವ ಅನರ್ಥವನ್ನು ಬಣ್ಣಿಸಬೇಕಾಗಿಲ್ಲ. ಆದುದರಿಂದ ಹಿಂದುಸ್ಥಾನದ ರೇಲ್ವೆಗಳೆಲ್ಲ ಕೆಲವು ಕಾಲ ಮದರಾಸಿನ ವೇಳೆಯನ್ನು ಇಟ್ಟುಕೊಂಡವು. ೧೯೦೬ರ ಜನೆವರಿ ೧ರಿಂದ ೮೨.೫ ಅಂಶದ ರೇಖೆಯ ವೇಳೆಯು, ಎಂದರೆ ಗ್ರೀನಿಚ್ಚಿಗಿಂತ ಐದೂವರೆ ತಾಸು ಮುಂದಿರುವ ವೇಳೆಯು, ದೇಶಕ್ಕೆಲ್ಲ ಪ್ರಮಾಣವೆಂದು ಗೊತ್ತಾಯಿತು. ಅಂದಿನಿಂದ ರೋಣದಲ್ಲಿ ಗಡಿಯಾರವು ಹನ್ನೆರಡು ಹೊಡೆದಾಗ ಸೂರ್ಯನು ಇನ್ನೂ ನೆತ್ತಿಗೆ ಬಂದಿರುವದಿಲ್ಲ. ವರ್ಷದ ಸರಾಸರಿಯಲ್ಲಿ ಅವನು ಬರುವದು ಹನ್ನೆರಡು ಗಂಟೆ ಇಪ್ಪತ್ತೇಳು ಮಿನಿಟಿನ ಸುಮಾರಿಗೆ. ಸೂರ್ಯನ ನಡೆಯಾದರೂ ಸಮವಾಗಿಲ್ಲದ್ದರಿಂದ, ನವೆಂಬರದಲ್ಲಿ ಅದು ಹನ್ನೆರಡೂ ಹನ್ನೊಂದಕ್ಕೂ, ಫೆಬ್ರುವರಿಯಲ್ಲಿ ಹನ್ನೆರಡೂ ನಾಲ್ವತ್ತೊಂದಕ್ಕೂ ಸರಿಯುತ್ತಿರುವದು.

ಹಾಗಾದರೆ ರೋಣದ ಗಡಿಯಾರಗಳೆಲ್ಲ ಸುಳ್ಳು ಹೇಳತೊಡಗಿದುವೇ? ಹಾಗಲ್ಲ. ಅವು ಹೇಳುವ ವಿಷಯವೇ ಬದಲಾಯಿತು. ಮೊದಲು ಗಡಿಯಾರವು ಸೂರ್ಯನ ಸುದ್ದಿಯನ್ನು ಹೇಳುತ್ತಿತ್ತು. ಈಗ ಅದು ಮನುಷ್ಯರು ಪರಸ್ಪರ ಕೊಟ್ಟ ಮಾತನ್ನು ಹೇಳುತ್ತದೆ. 'ಹನ್ನೆರಡಕ್ಕೆ ಬರುವೆನು' ಎಂಬ ವಚನಕ್ಕೆ ಇಬ್ಬರ ಹನ್ನೆರಡೂ ಒಂದಾಗಿರುವದೇ ಆಧಾರ. ಆದರೆ ಕೊಟ್ಟ ಮಾತಿಗೆ ಕೊಡುವವನ ಒಪ್ಪಿಗೆ ಬೇಕು. ಮುಂಬಯಿಯ ಜನರು ತಮ್ಮ ಒಪ್ಪಿಗೆಯಿಲ್ಲದೆ ತಮ್ಮ ವೇಳೆಯು ಮೂವತ್ತೊಂಬತ್ತು ಮಿನಿಟು ಮುಂದಕ್ಕೆ ತಳ್ಳಲ್ಪಟ್ಟಿತೆಂದು ಸಿಟ್ಟಾದರು; ಅಲ್ಲಿಯ ನಗರಸಭೆಯು ೧೯೫೫ರ ವರೆಗೂ ತನ್ನ ಗಡಿಯಾರಗಳಲ್ಲಿ ಮುಂಬಯಿಯ ವೇಳೆಯನ್ನೇ ಉಳಿಸಿಕೊಂಡಿತ್ತು. ಇದನ್ನು ಹಟವೆಂದು ನಗುವವರುಂಟು. ಆದರೆ ಹಿತಕರವಾದ ಐಕ್ಯವನ್ನಾದರೂ ಕೇಳದೆ ಹೇರಿದರೆ ಮನಸ್ಸು ಕೂಡುವದಿಲ್ಲವೆಂಬ ಪಾಠವು ಆ ಹಟದಲ್ಲಿದೆ. ನಮ್ಮ ಮನೆತನಗಳಾದರೋ ಬೇರೊಂದು ಜಾಣ್ಮೆಯ ದಾರಿಯನ್ನು ಹಿಡಿದವು: ಏಕಾದಶಿ, ಸಂಕಷ್ಟಿಗಳಿಗೆ ಪಂಚಾಂಗದ ಸೂರ್ಯಚಂದ್ರರು, ಗಾಡಿಗೆ ಗಡಿಯಾರ. ಎರಡನ್ನೂ ಗೌರವಿಸಿ, ಒಂದನ್ನು ಇನ್ನೊಂದರ ಸ್ಥಾನದಲ್ಲಿ ಕೂಡ್ರಿಸದೆ ನಡೆದವು.

ಈಗಿನ ಕಾಲದಲ್ಲಿ ಒಡಂಬಡಬೇಕಾದವರು ಮನುಷ್ಯರು ಮಾತ್ರವಲ್ಲ. ಕಿಸೆಯ ಮೊಬೈಲು, ಊರ ಹೊರಗಿನ ಅದರ ಗೋಪುರ, ಗಜೇಂದ್ರಗಡದ ಗುಡ್ಡಗಳ ಮೇಲಿನ ಗಾಳಿಯಂತ್ರಗಳ ಮಾಪಕ, ಇವುಗಳಲ್ಲೆಲ್ಲ ಒಂದೊಂದು ಚಿಕ್ಕ ಗಡಿಯಾರವಿದೆ. ಇಂಥ ಉಪಕರಣಗಳು ತಂತಿಯ ಸಂಬಂಧವಿಲ್ಲದೆಯೇ ಒಂದರೊಡನೊಂದು ಮಾತಾಡುವಲ್ಲಿ ಅವುಗಳ ವೇಳೆಯು ಸಮನಾಗಿರಬೇಕು. ಒಂದೇ ಅಲೆಯ ಮೇಲೆ ಸರದಿಯಿಂದ ಮಾತಾಡಿ ಸರದಿಯಿಂದ ಕೇಳುವ ನೆರೆಹೊರೆಯ ಗೋಪುರಗಳು ಸೆಕೆಂಡಿನ ಹತ್ತು ಲಕ್ಷದ ಒಂದೂವರೆ ಭಾಗದೊಳಗೆ ಪ್ರಮಾಣವೇಳೆಗೆ ಹೊಂದಿರಬೇಕೆಂದು ನಿಯಮ. ಒಂದು ಕೇಳುತ್ತಿರುವಾಗ ಇನ್ನೊಂದು ಕೂಗಿದರೆ, ದೂರದ ಮೊಬೈಲಿನ ಸಣ್ಣ ದನಿಯು ಆ ಕೂಗಿನಲ್ಲಿ ಮುಳುಗಿಹೋಗುವದು.

ಇಂಥ ಗಡಿಯಾರದ ಹೃದಯವೆಂದರೆ ವಿದ್ಯುತ್ತಿನಿಂದ ಕಂಪಿಸುವ ಒಂದು ಸ್ಫಟಿಕದ ಹರಳು. ಸಾಧಾರಣವಾದ ಹರಳು ಹತ್ತು ಲಕ್ಷಕ್ಕೆ ಇಪ್ಪತ್ತು ಭಾಗದಷ್ಟು ತಪ್ಪಿದರೆ ದಿನಕ್ಕೆ ಒಂದೂ ಮುಕ್ಕಾಲು ಸೆಕೆಂಡು, ತಿಂಗಳಿಗೆ ಹೆಚ್ಚುಕಡಿಮೆ ಒಂದು ಮಿನಿಟು ಆಚೀಚೆಯಾಗುವದು. ಕೈಗಡಿಯಾರಗಳಲ್ಲಿರುವಂಥ ಹರಳು ಇಪ್ಪತ್ತೈದು ಅಂಶದ ಉಷ್ಣತೆಯ ಸುಮಾರಿಗೆ ಸರಿಯಾಗಿ ನಡೆಯುವಂತೆ ಮಾಡಲ್ಪಟ್ಟಿರುತ್ತದೆ. ಬೇಸಗೆಯ ಬಿಸಿಲಿನಲ್ಲಿಯೂ ಕಡು ಚಳಿಯಲ್ಲಿಯೂ ಅದು ಹಿಂದೆ ಬೀಳುವದು. ಅಂದಮೇಲೆ ಒಮ್ಮೆ ಕೂಡಿಸಿಟ್ಟರೆ ತೀರಲಿಲ್ಲ. ಸ್ನೇಹದಂತೆಯೇ ಈ ಸಮತೆಯನ್ನೂ ಮತ್ತೆ ಮತ್ತೆ ಕೂಡಿಸಿಕೊಳ್ಳುತ್ತಿರಬೇಕು.

ಕೂಡಿಸಿಕೊಳ್ಳುವ ಮೊದಲನೆಯ ಉಪಾಯವೆಂದರೆ ಕೇಳುವದು. ಒಂದು ಉಪಕರಣವು ಇನ್ನೊಂದನ್ನು 'ಈಗ ವೇಳೆ ಎಷ್ಟು?' ಎಂದು ಕೇಳುವದು. ಉತ್ತರವು ಬರುವದರೊಳಗೆ ವೇಳೆಯು ಮುಂದೆ ಹೋಗಿರುವದು. ಹೋಗಿಬರಲು ಹಿಡಿದ ಕಾಲದ ಅರ್ಧವನ್ನು ಉತ್ತರಕ್ಕೆ ಕೂಡಿಸಿದರೆ ಸಾಕೆಂಬದು ರೂಢಿಯ ಲೆಕ್ಕ. ಇದರಲ್ಲಿಯ ತೊಡಕನ್ನು ಹೀಗೆ ತಿಳಿಯಬಹುದು: ರೋಣದ ಗಡಿಯಾರದಲ್ಲಿ ಎಂಟಾದಾಗ ಒಬ್ಬನು ಸೈಕಲ್ಲಿನ ಮೇಲೆ ಹೊರಟು ನರಗುಂದವನ್ನು ಮುಟ್ಟಿದನು, ಅಲ್ಲಿಯ ಗಡಿಯಾರದಲ್ಲಿ ಹನ್ನೊಂದೂ ಹತ್ತು ಎಂದು ನೋಡಿ ಕೂಡಲೆ ಹಿಂದಿರುಗಿದನು, ರೋಣಕ್ಕೆ ಬಂದಾಗ ಇಲ್ಲಿ ಮಧ್ಯಾಹ್ನದ ಎರಡು. ಹೋಗಿಬರಲು ಆರು ತಾಸು, ಅರ್ಧಕ್ಕೆ ಮೂರು. ಅವನು ಅಲ್ಲಿದ್ದಾಗ ಇಲ್ಲಿ ಹನ್ನೊಂದಾಗಿರಬೇಕು. ಆದುದರಿಂದ ನರಗುಂದದ ಗಡಿಯಾರವು ಹತ್ತು ಮಿನಿಟು ಮುಂದಿದೆ. ಲೆಕ್ಕವೇನೋ ನೆಟ್ಟಗಿದೆ. ಆದರೆ ಅದು ಮುಂಗಾರಿನ ಪಡುವಣ ಗಾಳಿಯ ದಿನವಾಗಿದ್ದು, ಎದುರುಗಾಳಿಯಿಂದ ಹೋಗಲು ಮೂರೂವರೆ ತಾಸೂ, ಬೆನ್ನುಗಾಳಿಯಿಂದ ಬರಲು ಎರಡೂವರೆ ತಾಸೂ ಹಿಡಿದಿದ್ದರೆ? ಆಗ ಅವನು ಮುಟ್ಟಿದ್ದು ನಮ್ಮ ಹನ್ನೊಂದೂವರೆಗೆ; ನರಗುಂದದ ಗಡಿಯಾರವು ಇಪ್ಪತ್ತು ಮಿನಿಟು ಹಿಂದಿದೆ! ಸವಾರನೂ ಸುಳ್ಳಾಡಲಿಲ್ಲ, ಗಡಿಯಾರಗಳೂ ಮೋಸಮಾಡಲಿಲ್ಲ. ಹೋಗುವ ದಾರಿಯೂ ಬರುವ ದಾರಿಯೂ ಸಮವೆಂಬ ನಂಬಿಕೆಯೊಂದು ಲೆಕ್ಕದ ಬುಡದಲ್ಲಿ ಅಡಗಿತ್ತು.

ಈ ನಂಬಿಕೆಯನ್ನು ಪೂರ್ತಿಯಾಗಿ ಕಳಚಿಹಾಕಲಿಕ್ಕೆ ಬರುವದಿಲ್ಲ. ಒಂದು ದಾರಿಯ ಕಾಲವನ್ನು ಬೇರೆಯಾಗಿ ಅಳೆಯಬೇಕಾದರೆ ಎರಡೂ ಕಡೆಯ ಗಡಿಯಾರಗಳು ಮೊದಲೇ ಕೂಡಿರಬೇಕು. ಅವುಗಳನ್ನು ಕೂಡಿಸುವದಕ್ಕೇ ಈ ಸಾಹಸವೆಲ್ಲ ನಡೆದಿರುವದು. ೧೯೦೫ರಲ್ಲಿ ಐನ್‌ಸ್ಟೈನನು ದೂರದ ಎರಡು ಗಡಿಯಾರಗಳು ಸಮವಾಗಿವೆಯೆಂದರೇನೆಂದು ವಿಚಾರಿಸಿದಾಗ, ಬೆಳಕಿಗೆ ಹೋಗಲು ಹಿಡಿದಷ್ಟೇ ಕಾಲವು ಬರಲೂ ಹಿಡಿಯುವದೆಂಬದನ್ನು ವ್ಯಾಖ್ಯೆಯಾಗಿಯೇ ಇಟ್ಟುಕೊಂಡನು. ಅಷ್ಟು ಸೂಕ್ಷ್ಮವಾದ ಶಾಸ್ತ್ರವೂ ಒಂದು ಒಪ್ಪಂದದಿಂದ ಆರಂಭವಾಗಬೇಕಾಯಿತೆಂಬದು ನೆನಪಿಡತಕ್ಕ ಮಾತು. ದಾರಿಯನ್ನು ತಿಳಿಸುವ ಉಪಗ್ರಹಗಳಲ್ಲಿಯ ಪರಮಾಣು ಗಡಿಯಾರಗಳು ಸಹ, ತಮ್ಮಲ್ಲಿ ಯಾವ ದೋಷವಿಲ್ಲದಿದ್ದರೂ, ತಾವಿರುವ ಎತ್ತರ ಮತ್ತು ವೇಗಗಳ ದೆಸೆಯಿಂದ ನೆಲದ ಗಡಿಯಾರಗಳಿಗಿಂತ ದಿನಕ್ಕೆ ಸೆಕೆಂಡಿನ ಹತ್ತು ಲಕ್ಷದ ಮೂವತ್ತೆಂಟು ಭಾಗದಷ್ಟು ಮುಂದೆ ಹೋಗುವವು. ಅದನ್ನು ಅರಿತು ತಿದ್ದಿಕೊಳ್ಳದಿದ್ದರೆ ಅವು ತೋರಿಸುವ ದಾರಿಯೇ ತಪ್ಪುವದು. ನಿರ್ದೋಷಿಗಳಾದ ಇಬ್ಬರಲ್ಲಿಯೂ ಭೇದವಿರಬಹುದೆಂಬದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಎರಡನೆಯ ಉಪಾಯವೆಂದರೆ ಎಲ್ಲರೂ ಒಂದೇ ನಾದವನ್ನು ಕೇಳುವದು. ಗುಡಿಯ ಗಂಟೆಯು ಒಮ್ಮೆ ಬಾರಿಸಿತು. ಅದನ್ನು ಕೇಳಿದ ಹತ್ತು ಮನೆಗಳವರು ತಮ್ಮ ತಮ್ಮ ಗಡಿಯಾರಗಳಲ್ಲಿ ಆಗ ಎಷ್ಟಾಗಿತ್ತೆಂದು ಬರೆದಿಟ್ಟು ಆಮೇಲೆ ತಾಳೆನೋಡಿದರೆ ಪರಸ್ಪರ ಭೇದವು ತಿಳಿದುಹೋಗುವದು. ಪೂಜಾರಿಯು ಯಾವ ವೇಳೆಗೆ ಬಾರಿಸಿದನೆಂಬದು ಬೇಕಾಗಿಯೇ ಇಲ್ಲ. ನಿಸ್ತಂತು ಮಾಪಕಗಳನ್ನು ಈ ಬಗೆಯಾಗಿ ಕೂಡಿಸುವ ರೀತಿಯನ್ನು ಅಮೇರಿಕೆಯ ವಿದ್ವಾಂಸರು ೨೦೦೨ರಲ್ಲಿ ವಿವರಿಸಿದರು. ಗಂಟೆಯ ಸಪ್ಪಳವು ಒಂದು ಕಿಲೋಮೀಟರು ಹೋಗಲು ಮೂರು ಸೆಕೆಂಡು ಬೇಕಾದರೆ, ನಿಸ್ತಂತು ಅಲೆಗೆ ಸೆಕೆಂಡಿನ ಹತ್ತು ಲಕ್ಷದ ಮೂರೂ ಚಿಲ್ಲರೆ ಭಾಗ ಸಾಕು. ಆದುದರಿಂದ ಕೇಳುವವರೆಲ್ಲ ಹೆಚ್ಚುಕಡಿಮೆ ಒಮ್ಮೆಲೆ ಕೇಳುವರು. ಇಲ್ಲಿ ಹೇಳುವವನು ಒಡೆಯನಲ್ಲ, ಕೇಳಿದವರು ಕೂಡಿ ನಿರ್ಣಯಿಸುವರು. ಧಾರವಾಡದ ಆಕಾಶವಾಣಿಯು ೧೯೫೦ರಲ್ಲಿ ಆರಂಭವಾದ ಮೇಲೆ ಅದರ ವಾರ್ತೆಯ ಹೊತ್ತಿಗೆ ಗಡಿಯಾರವನ್ನು ತಿದ್ದಿಕೊಂಡ ಮನೆತನಗಳಿಗೆ ಈ ರೀತಿಯು ಹೊಸದಲ್ಲ.

ಮೂರನೆಯದು ಸರಾಸರಿ. ಎಲ್ಲರ ವೇಳೆಯನ್ನೂ ಕೇಳಿ, ತೀರ ಬೇರೆಯಾದವನ್ನು ಬಿಟ್ಟು, ಉಳಿದವುಗಳ ಮಧ್ಯವನ್ನು ಹಿಡಿಯುವದು. ಇದು ಪಂಚಾಯತಿಯ ಮಾರ್ಗ. ಪಂಚಾಯತಿಯ ಗುಣದೋಷಗಳೆರಡೂ ಇದಕ್ಕುಂಟು. ಬಿಟ್ಟುಬಿಟ್ಟ ಆ ಒಂದು ಗಡಿಯಾರವೇ ಸರಿಯಾಗಿದ್ದರೆ? ನೂರು ಗಡಿಯಾರಗಳು ಕೂಡಿ ತಪ್ಪಿದರೆ ಅವುಗಳ ಸಂಖ್ಯೆಯು ಅವುಗಳನ್ನು ಸತ್ಯವನ್ನಾಗಿ ಮಾಡಲಾರದು. ಅದಕ್ಕಾಗಿಯೇ ದಿಲ್ಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಶಾಲೆಯಲ್ಲಿ ಪರಮಾಣು ಗಡಿಯಾರಗಳನ್ನಿಟ್ಟು ಭಾರತದ ಪ್ರಮಾಣವೇಳೆಯನ್ನು ಕಾಯುತ್ತಾರೆ. ಆದರೆ ಅದಕ್ಕೂ ಮೇಲಿನ ಪ್ರಮಾಣವು ಯಾವದು? ಜಗತ್ತಿನ ಎಂಬತ್ತರಷ್ಟು ಪ್ರಯೋಗಶಾಲೆಗಳ ನಾಲ್ಕುನೂರಕ್ಕೂ ಮಿಕ್ಕ ಗಡಿಯಾರಗಳ ಸರಾಸರಿಯನ್ನು ಪ್ಯಾರಿಸಿನ ಬಳಿಯ ಅಂತರರಾಷ್ಟ್ರೀಯ ಕಚೇರಿಯೊಂದು ಲೆಕ್ಕಹಾಕಿ, ಯಾವ ಗಡಿಯಾರವು ಎಷ್ಟು ತಪ್ಪಿತ್ತೆಂಬದನ್ನು ತಿಂಗಳು ತಿಂಗಳಿಗೆ ಆಮೇಲೆ ತಿಳಿಸುತ್ತದೆ. ಕಾಲದ ಶಿಖರವನ್ನೇರಿ ನೋಡಿದರೆ ಅಲ್ಲಿ ಒಬ್ಬ ಅರಸನು ಕುಳಿತಿಲ್ಲ. ಒಂದು ಸಭೆಯು ಕುಳಿತಿದೆ. ಆ ಸಭೆಯಲ್ಲಿ ತಿದ್ದುಪಡಿಯನ್ನು ಒಲ್ಲೆನೆನ್ನುವ ಗಡಿಯಾರವೊಂದೂ ಇಲ್ಲ.

ತಿದ್ದಿಕೊಳ್ಳುವದಕ್ಕೂ ಒಂದು ಮರ್ಯಾದೆಯುಂಟು. ಮುಂದೆ ಹೋದ ಗಡಿಯಾರವನ್ನು ಯಂತ್ರಜ್ಞರು ಒಮ್ಮೆಲೆ ಹಿಂದಕ್ಕೆ ತಿರುಗಿಸಲು ಒಪ್ಪುವದಿಲ್ಲ. ಹಾಗೆ ಮಾಡಿದರೆ ಮೊದಲು ನಡೆದುದು ಆಮೇಲೆಯೂ, ಆಮೇಲೆ ನಡೆದುದು ಮೊದಲೂ ಬರೆಯಲ್ಪಟ್ಟು, ಸಾಲಕ್ಕಿಂತ ಮೊದಲೇ ಅದರ ತೀರುವಳಿಯ ಪಾವತಿಯು ಹುಟ್ಟಿದಂತಾಗುವದು. ಆದುದರಿಂದ ಅದರ ನಡೆಯನ್ನು ತುಸು ನಿಧಾನಮಾಡಿ, ಉಳಿದವು ಬಂದು ಕೂಡುವ ವರೆಗೆ ಕಾಯುತ್ತಾರೆ. ೧೯೭೮ರಲ್ಲಿ ಲೆಸ್ಲಿ ಲ್ಯಾಂಪೋರ್ಟನೆಂಬ ಗಣಿತಜ್ಞನು ಇನ್ನೂ ಆಳಕ್ಕಿಳಿದು, ಗಂಟೆ ಮಿನಿಟುಗಳು ತಿಳಿಯದಿದ್ದರೂ ಕಾರಣವು ಕಾರ್ಯಕ್ಕಿಂತ ಮೊದಲೆಂಬ ಕ್ರಮವೊಂದು ಕೆಡದಿದ್ದರೆ ಎಷ್ಟೋ ವ್ಯವಹಾರವು ಸಾಗುವದೆಂದು ತೋರಿಸಿದನು. ಬಂದ ಸಂದೇಶದ ಮೇಲಿನ ಅಂಕೆಯು ತನ್ನ ಅಂಕೆಗಿಂತ ಮುಂದಿದ್ದರೆ ಕೇಳಿದವನು ತಾನು ಮುಂದೆ ಬರಬೇಕು. ಇಷ್ಟೇ ಅವನ ನಿಯಮ. ಗೂಗಲ್ ಸಂಸ್ಥೆಯು ೨೦೧೨ರಲ್ಲಿ ಪ್ರಕಟಿಸಿದ ಪದ್ಧತಿಯೊಂದರಲ್ಲಂತೂ ಗಡಿಯಾರವು 'ಈಗ ಇಷ್ಟಾಗಿದೆ' ಎಂದು ಹೇಳದೆ, 'ಇಷ್ಟರಿಂದ ಇಷ್ಟರೊಳಗೆ ಇದೆ' ಎಂದು ತನ್ನ ಸಂದೇಹದ ಎಲ್ಲೆಯನ್ನೂ ಕೂಡಿಯೇ ಹೇಳುವದು; ಆ ಸಂದೇಹವು ಕಳೆಯುವ ವರೆಗೆ ವ್ಯವಹಾರವು ತಡೆದು ನಿಲ್ಲುವದು. ಜಡವಾದ ಯಂತ್ರಕ್ಕೆ ಈ ವಿನಯವನ್ನು ಕಲಿಸಿದ ಮನುಷ್ಯನು ತಾನು ಅದನ್ನು ಎಷ್ಟರ ಮಟ್ಟಿಗೆ ಆಚರಿಸುವನೆಂಬದೇ ಪ್ರಶ್ನೆ.

ಇಲ್ಲಿಗೆ ಕಾಲುವೆಯ ನ್ಯಾಯವು ಮತ್ತೆ ಮುಂದೆ ಬರುವದು. ಹಿಂದೆ ಹೊಲದೊಡೆಯನೂ ಕೂಲಿಯವನೂ ಒಂದೇ ಸೂರ್ಯನನ್ನು ನೋಡಿ ಹೊತ್ತನ್ನು ಗುರುತಿಸುತ್ತಿದ್ದರು. ವೇಳೆಯ ಸಾಕ್ಷಿಯು ಇಬ್ಬರ ಕಣ್ಣಿಗೂ ಬೀಳುತ್ತಿತ್ತು. ೨೦೨೩ರ ಜನೆವರಿ ೧ರಿಂದ ಗ್ರಾಮೀಣ ಉದ್ಯೋಗ ಖಾತರಿಯ ಸಾರ್ವಜನಿಕ ಕಾಮಗಾರಿಗಳಲ್ಲಿ, ಮೊಬೈಲಿನಿಂದ ದಿನಕ್ಕೆರಡು ಸಲ ತೆಗೆದ, ಸ್ಥಳವೇಳೆಗಳ ಮುದ್ರೆಯುಳ್ಳ ಛಾಯಾಚಿತ್ರದಿಂದಲೇ ಹಾಜರಿಯನ್ನು ಬರೆಯತಕ್ಕದ್ದೆಂದು ಕಟ್ಟಳೆಯಾಯಿತು. ಸುಳ್ಳು ಹಾಜರಿಯನ್ನು ತಡೆಯಬೇಕೆಂಬ ಉದ್ದೇಶವು ಒಳ್ಳೆಯದೇ. ಆದರೆ ಕೆರೆಯ ಹೂಳನ್ನೆತ್ತುವ ಹೆಣ್ಣುಮಗಳಿಗೆ ಆ ಗಡಿಯಾರವು ಕಾಣುವದಿಲ್ಲ. ಅದನ್ನು ಪ್ರಶ್ನಿಸುವ ಭಾಷೆಯೂ ಅವಳಲ್ಲಿಲ್ಲ. ಅಲೆಯು ಮುಟ್ಟದ ದಿನ್ನೆಯ ಮೇಲೆ ಚಿತ್ರವು ಹೋಗದಿದ್ದರೆ, ಇಲ್ಲವೆ ವೇಳೆಯ ಮುದ್ರೆಯು ತಪ್ಪಿದರೆ, ಕಳೆದುಹೋಗುವದು ಯಂತ್ರದ ಕೂಲಿಯಲ್ಲ, ಅವಳದು. ಬೆನ್ನಿಗೆ ಬಿದ್ದ ಬಿಸಿಲು, ಅಗೆದ ಮಣ್ಣಿನ ರಾಶಿ, ಜೊತೆಯಲ್ಲಿ ದುಡಿದವರ ಮಾತು ಇವು ಮೂರೂ ಅವಳ ಪಕ್ಷದ ಸಾಕ್ಷಿಗಳು. ಇವುಗಳನ್ನು ಬದಿಗಿಟ್ಟು ಒಂದೇ ಹರಳಿನ ಮಾತನ್ನು ನಂಬುವದು, ಹತ್ತು ಗಡಿಯಾರಗಳನ್ನು ಬಿಟ್ಟು ಒಂದನ್ನು ನಂಬಿದಂತೆಯೇ ಸರಿ. ಯಂತ್ರಶಾಸ್ತ್ರವೇ ಅದನ್ನು ಒಪ್ಪುವದಿಲ್ಲ.

ಆದುದರಿಂದ ಸಮಾನವಾದ ವೇಳೆಯು ನ್ಯಾಯವಾದ ವೇಳೆಯೂ ಆಗಬೇಕಾದರೆ ಮೂರು ಲಕ್ಷಣಗಳು ಬೇಕೆಂದು ತೋರುವದು. ಅದಕ್ಕೆ ಒಳಪಟ್ಟವರೆಲ್ಲರಿಗೂ ಅದು ಕಾಣುವಂತಿರಬೇಕು. ಅದನ್ನು ಪ್ರಶ್ನಿಸಿ ತಿದ್ದಿಸುವ ಅಧಿಕಾರವು, ಗಡಿಯಾರವು ಯಾರ ಕೈಯಲ್ಲಿಲ್ಲವೋ ಅವರಿಗೂ ಇರಬೇಕು. ಯಾವ ಗಡಿಯಾರದಿಂದಲೂ ಕಳೆಯಲಾಗದ ಆ ಅಲ್ಪವಾದ ಸಂದೇಹದ ಹಾನಿಯನ್ನು, ತಾಳಿಕೊಳ್ಳಬಲ್ಲವನು ತಾಳಿಕೊಳ್ಳಬೇಕು. ಬಡವನ ಲೆಕ್ಕಕ್ಕೆ ಬರೆಯಬಾರದು. ಇಷ್ಟಿದ್ದರೆ ಸೂರ್ಯನಿಗಿಂತ ಇಪ್ಪತ್ತೇಳು ಮಿನಿಟು ಬೇರೆಯಾದ ವೇಳೆಯೂ ಧರ್ಮವಾದ ವೇಳೆಯೇ. ಇಷ್ಟಿಲ್ಲದಿದ್ದರೆ, ಪರಮಾಣುವಿನ ಕಂಪನಕ್ಕೆ ಕೂದಲೆಳೆಯಷ್ಟೂ ತಪ್ಪದ ವೇಳೆಯಾದರೂ ಬಲಿಷ್ಠನ ಕೈಯ ಕೋಲಾಗುವದು.

'ಸರಿ' ಎಂಬುದಕ್ಕೆ ಆರಂಭದಲ್ಲಿ ಹೇಳಿದ ಎರಡು ಅರ್ಥಗಳಲ್ಲದೆ, ತಾನಿದ್ದ ಸ್ಥಳದಿಂದ ತುಸು ಅತ್ತಿತ್ತ ಹೋಗುವದೆಂಬ ಕ್ರಿಯಾರ್ಥವೂ ಕನ್ನಡದಲ್ಲಿದೆ. ಗಡಿಯಾರಗಳ ವಿಷಯದಲ್ಲಿ ಈ ಮೂರನೆಯದೇ ಮೊದಲಿನೆರಡಕ್ಕೆ ಬಾಗಿಲು. ತನ್ನ ಸ್ಥಾನದಿಂದ ಕೊಂಚವೂ ಸರಿಯಲೊಲ್ಲದುದು ಉಳಿದವುಗಳಿಗೆ ಸರಿಯಾಗಲಾರದು. ತನ್ನ ತಪ್ಪನ್ನೂ ಎಂದಿಗೂ ಅರಿಯಲಾರದು. ಸರಿಯುವ ಭಾರವು ಎರಡೂ ಕಡೆಗೆ ತಕ್ಕಷ್ಟು ಹಂಚಿಕೆಯಾಗುವಂತೆ ನೋಡುವದಷ್ಟೆ ಮನುಷ್ಯರ ಪಾಲಿಗೆ ಉಳಿದ ಕೆಲಸ.